ಹಳದಿ ಟಿಟ್ಟಿಭದ ಮೊಟ್ಟೆಗಳು

ಮಿಡಿಗೇಶಿ ಕಡೆ ಒಬ್ಬರನ್ನು ಮಣ್ಣು ಮಾಡಲು ಈಗ ಹೆಚ್ಚುಕಡಿಮೆ ಹದಿನೈದು ಸಾವಿರ ಬೇಕು. ಜೆಸಿಬಿ ಗಂಟೆಗೆ ಸಾವಿರದ ಇನ್ನೂರು, ಬಂದುಹೋಗುವ ಡೀಸೆಲ್ಲು ಬೇರೆ. ಗುಂಡಿಯನ್ನು ಜೆಸಿಬಿ ತೋಡಿದರೂ ಹೆಣ ಕೂರಿಸುವ ಗೂಡನ್ನು ಕೈಯಲ್ಲೇ ಕಡಿಯಬೇಕು, ಅದಕ್ಕೆ ಇಬ್ಬರು ಆಳು. ವಿಭೂತಿ, ಬಿಲ್ವಪತ್ರೆ, ಎರಡು ಮೂಟೆ ಉಪ್ಪು, ಮಧುಗಿರಿಯಿಂದ ಹೂವು. ಅಯ್ಯನವರ ದಕ್ಷಿಣೆ. ಶಾಮಿಯಾನ, ಕುರ್ಚಿ, ಬಂದವರಿಗೆ ಕಾಫಿ. ನೆಲ ಸ್ವಂತದ್ದಾದರೆ ನೆಲಕ್ಕೆ ದುಡ್ಡಿಲ್ಲ. ಚೌಳಕಟ್ಟೆಯ ಅಡವಯ್ಯ ಮೇ ತಿಂಗಳ ಕೊನೆಯ ವಾರ, ಬೆಳಗಿನ ಕಾಫಿ ಲೋಟ ಕೈಯಲ್ಲಿದ್ದಂತೆಯೇ ಒರಗಿಕೊಂಡು ಹೋದಾಗ ಅವನ ಮನೆಯವರಿಗೆ ದುಡ್ಡಿನ ಚಿಂತೆ ಇರಲಿಲ್ಲ. ಮಗ ಪ್ರಭುದೇವ್ ಊರಲ್ಲೇ ಗೊಬ್ಬರದ ಅಂಗಡಿ ಇಟ್ಟು ಚೆನ್ನಾಗಿಯೇ ಇದ್ದ. ಚಿಂತೆ ಇದ್ದದ್ದು ನೆಲದ್ದು. ಎಲ್ಲಿ ಇಡುವುದು?

ಅಡವಯ್ಯ ಸಾಯುವ ಮುಂಚೆಯೇ ಹತ್ತಾರು ಸಲ ಹೇಳಿದ್ದ, ಕೆರೆ ಹಿಂದಿನ ಹೊಲದಲ್ಲಿ, ಹೊಂಗೆ ಮರದ ಕೆಳಗೆ ಅಂತ. ಅದು ಅವನು ಸಣ್ಣವನಿದ್ದಾಗಿನಿಂದ ಉತ್ತ ಹೊಲ. ಮಧ್ಯಾಹ್ನದ ಊಟಕ್ಕೆ ಕೂರುತ್ತಿದ್ದ ಜಾಗವೂ ಅದೇ. ಹೆಂಡತಿ ಚನ್ನಮಲ್ಲಮ್ಮ ಬುತ್ತಿ ತಂದು ಅಲ್ಲಿಯೇ ಬಿಚ್ಚುತ್ತಿದ್ದಳು. "ನನ್ನ ಎಡಕ್ಕೆ ನಿಂಗೂ ಜಾಗ ಬುಟ್ಟಿರ್ತೀನಿ" ಅಂತ ಅವನು ತಮಾಷೆ ಮಾಡಿದರೆ ಅವಳು, "ಸತ್ತ ಮ್ಯಾಲೂ ನಿನ್ನ ಗೊರಕೆ ಕೇಳ್ಬೇಕಾ?" ಅನ್ನುತ್ತಿದ್ದಳು. ಆದರೆ ಅವಳೂ ಮನಸ್ಸಿನಲ್ಲಿ ಅದನ್ನೇ ಗಟ್ಟಿ ಮಾಡಿಕೊಂಡಿದ್ದಳು. ಮಧುಗಿರಿ ರಸ್ತೆ ಪಕ್ಕದ ರುದ್ರಭೂಮಿ ಅವಳಿಗೆ ಆಗದು. ಅಲ್ಲಿ ಲಾರಿ ಧೂಳು, ಒಡೆದ ಬಾಟಲಿ.

ಕೆರೆ ಹಿಂದಿನ ಹೊಲಕ್ಕೆ ಇದ್ದದ್ದು ಒಂದೇ ತೊಡಕು. ಕೆರೆ ಪೂರ್ತಿ ತುಂಬಿದರೆ ಅದು ಮುಳುಗುತ್ತದೆ. ಕೆರೆ ತುಂಬಿ ಇಪ್ಪತ್ತೆರಡು ವರ್ಷವಾಗಿತ್ತು.

ಹೆಣವನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ ಆದ ಮೇಲೆ ಚನ್ನಮಲ್ಲಮ್ಮ ಮಗನನ್ನು ಕರೆದು ಹೇಳಿದಳು, "ರಂಗಯ್ಯನ್ನ ಕೇಳ್ಕೊಂಡು ಬಾ. ಈ ವರ್ಷ ನೀರು ಹೊಂಗೆ ಮರದವರ್ಗೂ ಬರುತ್ತಾ ಅಂತ. ಅವ್ನು ಬರಲ್ಲ ಅಂದ್ರೆ ಅಲ್ಲೇ. ಬರುತ್ತೆ ಅಂದ್ರೆ ಎಲ್ಲಾದ್ರೂ ಮಾಡ್ರಿ."

ದೊಡ್ಡರಂಗಯ್ಯ ಚೌಳಕಟ್ಟೆಯ ನೀರುಗಂಟಿ. ಕೆರೆ ಏರಿ ಕಾಯುವುದು, ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ಹಂಚುವುದು ಅವನ ತಾತನ ಕಾಲದಿಂದ ಅವರ ಮನೆಯ ಕೆಲಸ. ಅದಕ್ಕೆ ಸುಗ್ಗಿಯಲ್ಲಿ ಒಂದೊಂದು ಮನೆಯಿಂದ ಒಂದೊಂದು ಕೊಳಗ ಧಾನ್ಯ. ನೀರೇ ಇಲ್ಲದ ಮೇಲೆ ಒಬ್ಬೊಬ್ಬರಾಗಿ ಕೊಡುವುದು ನಿಲ್ಲಿಸಿದರು. ಅಡವಯ್ಯ ಮಾತ್ರ ನಿಲ್ಲಿಸಲಿಲ್ಲ. ಪ್ರತಿ ವರ್ಷ ರಾಗಿ ಅಳೆದು ಕೊಟ್ಟು, "ನೀರು ಬುಡದೆ ಇದ್ರೇನ್ಲಾ, ದಾರಿ ಕಾಯ್ತಿದ್ದೀಯಲ್ಲ, ಅದು ಕೆಲ್ಸ ಅಲ್ವಾ?" ಅನ್ನುತ್ತಿದ್ದ.

ಮಳೆಯ ಸುದ್ದಿ ಹೇಳುವುದರಲ್ಲಿ ರಂಗಯ್ಯನಿಗೆ ಹೆಸರಿತ್ತು. ಅವನು ನಕ್ಷತ್ರ ನೋಡುವವನಲ್ಲ, ಪಂಚಾಂಗ ಓದುವವನೂ ಅಲ್ಲ. ಅವನು ನೋಡುತ್ತಿದ್ದದ್ದು ಟಿಟ್ಟಿಭದ ಮೊಟ್ಟೆ. ಆ ಹಕ್ಕಿ ಗೂಡು ಕಟ್ಟುವುದಿಲ್ಲ. ಬರಿನೆಲದಲ್ಲಿ ಸಣ್ಣ ಗುಳಿ ಮಾಡಿ, ಸುತ್ತ ಕಲ್ಲುಹರಳು ಜೋಡಿಸಿ, ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆಗಳನ್ನು ಚೂಪುತುದಿ ಒಳಗೆ ಮಾಡಿ ಇಡುತ್ತದೆ. ಬೇಸಿಗೆಯ ಕೊನೆಗೆ ಕೆರೆಯ ಅಂಗಳದಲ್ಲಿ ತಗ್ಗಿಗೆ ಇಟ್ಟರೆ ಆ ವರ್ಷ ನೀರಿಲ್ಲ, ಏರಿಯ ಮೇಲೆ ಇಟ್ಟರೆ ಕೆರೆ ಕೋಡಿ ಬೀಳುತ್ತದೆ. ಇಪ್ಪತ್ತೆರಡು ವರ್ಷದ ಹಿಂದೆ ಏರಿಯ ನೆತ್ತಿಯಲ್ಲಿ, ಕೋಡಿಕಲ್ಲಿನ ಪಕ್ಕ ಮೊಟ್ಟೆ ಕಂಡು, ಕೆರೆ ಅಂಗಳದಲ್ಲಿ ಬಿತ್ತಿದ್ದವರಿಗೆಲ್ಲ ಬೇಗ ಕೊಯ್ದುಕೊಳ್ಳಿ ಅಂದಿದ್ದ. ಕೇಳಿದವರು ಉಳಿದರು, ನಕ್ಕವರ ರಾಗಿ ನೀರಿನಡಿ ಹೋಯಿತು. ಅಂದಿನಿಂದ ಅವನ ಮಾತಿಗೆ ತೂಕ ಬಂತು.

ಟಿಟ್ಟಿಭದಲ್ಲಿ ಎರಡು ಜಾತಿ ಉಂಟು ಅನ್ನುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಊರಿನಲ್ಲಿ ಅವನಷ್ಟು ಚೆನ್ನಾಗಿ ಇನ್ಯಾರಿಗೂ ಗೊತ್ತಿರಲಿಲ್ಲ. ದೊಡ್ಡದಕ್ಕೆ ಕಪ್ಪು ತಲೆ, ಕಪ್ಪು ಎದೆ, ಕಣ್ಣಿನ ಮುಂದೆ ಕೆಂಪು ತೊಗಲು. ಅದಕ್ಕೆ ನೀರು ಬೇಕು. ನೀರಿನ ತೇವವಾದರೂ ಇರುವ ಕಡೆಯೇ ಅದರ ಸಂಸಾರ. ಬಾಯಂತೂ ಬಲು ಜೋರು. ನಾಯಿ ಬಂದರೂ ಕೂಗು, ದನ ಬಂದರೂ ಕೂಗು, ಯಾರೂ ಬಾರದಿದ್ದರೂ ಕೂಗು. ಇನ್ನೊಂದು ಗಾತ್ರದಲ್ಲಿ ಸ್ವಲ್ಪ ಚಿಕ್ಕದು, ಒಣಹುಲ್ಲಿನ ಬಣ್ಣ. ತಲೆಗೆ ಕರಿ ಟೋಪಿ, ಮೂಗಿನ ಬುಡದಲ್ಲಿ ಹಳದಿ ತೊಗಲು. ಅದಕ್ಕೆ ನೀರಿನ ಹಂಗಿಲ್ಲ. ಕಾದ ಬಯಲು, ಕಲ್ಲುನೆಲ, ಉತ್ತು ಬಿಟ್ಟ ಹೊಲ ಇದ್ದರೆ ಸಾಕು. ಕೂಗುವುದೂ ಕಡಿಮೆ, ಕೂಗಿದರೂ ಸಣ್ಣ ದನಿ. ಒಂದೇ ಮನೆಯಲ್ಲಿ ಗದ್ದಲದ ಅಕ್ಕ, ಮಾತಾಡದ ತಂಗಿ ಇದ್ದ ಹಾಗೆ. ಕೆರೆಯ ಸಂಗತಿ ಹೇಳುವುದು ಅಕ್ಕ. ತಂಗಿ ಎಲ್ಲಿ ಒಣಗಿದೆಯೋ ಅಲ್ಲಿ ಇಡುತ್ತದೆ, ಅದರ ಮೊಟ್ಟೆಗೆ ಅರ್ಥವಿಲ್ಲ. ಆದ್ದರಿಂದ ಮೊಟ್ಟೆ ಕಂಡಾಗ ರಂಗಯ್ಯ ದೂರದಲ್ಲಿ ಕೂತು ಬೀಡಿ ಹಚ್ಚಿ, ತಾಯಿ ಬರುವವರೆಗೆ ಕಾಯುತ್ತಿದ್ದ. ಕೆಂಪಿನದು ಬಂದು ಕೂತರೆ ಮಾತ್ರ ಲೆಕ್ಕ.

ಪ್ರಭುದೇವ್ ಬಂದ ದಿನ ರಂಗಯ್ಯ ಹಟ್ಟಿಯ ಬಾಗಿಲಲ್ಲಿ ಕಾಲು ಚಾಚಿ ಕೂತಿದ್ದ. ಎಂಟು ದಿನದ ಹಿಂದೆ ಏರಿಯಿಂದ ಇಳಿಯುವಾಗ ಜಾರಿ, ಬಲಮಂಡಿ ಊದಿಕೊಂಡಿತ್ತು. ಹೆಂಡತಿ ಚಿಕ್ಕಹನುಮಕ್ಕ ಹರಳೆಣ್ಣೆ ಬಿಸಿ ಮಾಡಿ ತಿಕ್ಕುತ್ತ, "ಮಂಡಿ ಆನೆ ಮಂಡಿ ಆಗೈತೆ. ನೀರಿಲ್ಲದ ಕೆರೆಗೆ ನೀರುಗಂಟಿ ಇವನು, ಅದ್ರಲ್ಲೂ ಜಾರಿ ಬೀಳ್ತಾನೆ. ನೀರಿದ್ದಿದ್ರೆ ಮುಳುಗೇ ಹೋಗ್ತಿದ್ದ" ಅಂತ ಬೈಯುತ್ತಿದ್ದಳು. ಪ್ರಭುದೇವ್ ವಿಷಯ ಹೇಳಿದ ಕೂಡಲೇ ಅವಳ ಕೈ ನಿಂತಿತು.

ರಂಗಯ್ಯ, "ನೆನ್ನೆ ಸಂಜೆ ಇಲ್ಲೇ ಬಂದಿದ್ರಲ್ಲಪ್ಪ, ಮಂಡಿ ನೋಡ್ಕೊಂಡು ಹೋಗಕ್ಕೆ" ಅಂದ. ಏಳಲು ಹೋಗಿ, ಗೋಡೆ ಹಿಡಿದು ಮತ್ತೆ ಕೂತ.

"ನೀನು ಏಳ್ಬ್ಯಾಡ ರಂಗಣ್ಣ" ಅಂದ ಪ್ರಭುದೇವ್. "ಅವ್ವ ಒಂದು ಮಾತು ಕೇಳ್ಕೊಂಡು ಬಾ ಅಂದ್ಲು. ಈ ವರ್ಷ ನೀರು ಹೊಂಗೆ ಮರದವರ್ಗೂ ಬರುತ್ತಾ ಅಂತ."

"ಈ ಸಲ ಮೊಟ್ಟೆ ನೋಡಕ್ಕೇ ಆಗಿಲ್ಲ ಪ್ರಭಪ್ಪ. ಎಂಟು ದಿನದಿಂದ ಇಲ್ಲೇ ಬಿದ್ದಿದ್ದೀನಿ. ಹೊತ್ತು ಎಷ್ಟೈತೆ?"

"ಅಯ್ಯನೋರು ಎರಡು ಗಂಟೆಗೆ ಎತ್ತಬೇಕು ಅಂದವ್ರೆ. ಜೆಸಿಬಿ ರೋಡಲ್ಲಿ ನಿಂತೈತೆ."

"ಅಂಗಾರೆ ಒಂದು ಕೆಲ್ಸ ಮಾಡು. ನೀನೇ ಹೋಗಿ ಹುಡುಕು. ಹೊಂಗೆ ಮರದ ಕೆಳಗ್ಲಿಂದ ಕೆರೆ ಒಳೀಕೆ ನೂರು ಹೆಜ್ಜೆ. ಮೊಟ್ಟೆ ಇದ್ರೆ ಮೊಬೈಲ್ನಾಗೆ ಹಿಡ್ಕೊಂಡು ಬಾ. ತುಳಿದುಬುಟ್ಟೀಯ, ಕಲ್ಲಂಗೇ ಕಾಣ್ತವೆ."

ಒಂದು ಗಂಟೆಯೊಳಗೆ ಪ್ರಭುದೇವ್ ಬೈಕಿನಲ್ಲಿ ವಾಪಸ್ಸು ಬಂದ. ಬಿಸಿಲಿಗೆ ಮುಖ ಕೆಂಪಾಗಿತ್ತು, ಅತ್ತದ್ದಕ್ಕೂ ಇರಬಹುದು. ಮೊಬೈಲನ್ನು ರಂಗಯ್ಯನ ಕೈಗೆ ಕೊಟ್ಟ. ಹರಳುಗಳ ನಡುವೆ ನಾಲ್ಕು ಮೊಟ್ಟೆ, ಪಕ್ಕದಲ್ಲಿ ಒಂದು ಹೆಂಚಿನ ಚೂರು. ಮರದಿಂದ ಎಂಬತ್ತು ಹೆಜ್ಜೆ ಕೆಳಗೆ, ತೀರ ತಗ್ಗಿನಲ್ಲಿ.

"ಹಕ್ಕಿ ನೋಡಿದ್ಯಾ?"

"ಹಾರಿಹೋಯ್ತು ಅನ್ಸುತ್ತೆ. ನೋಡ್ಲಿಲ್ಲ."

"ಕೂಗ್ತಾ?"

"ಗೊತ್ತಿಲ್ಲ ರಂಗಣ್ಣ. ನಾನು ನೆಲ ನೋಡ್ಕೊಂಡು ಹೋಗ್ತಿದ್ದೆ."

ಇಲ್ಲಿ ರಂಗಯ್ಯ ಒಂದು ಕ್ಷಣ ತಡೆದ. ಮೊಬೈಲಿನಲ್ಲಿ ಮೊಟ್ಟೆ ಕೋಳಿಮೊಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಿತ್ತು. ಬೆರಳಿನಿಂದ ಎಳೆದರೆ ಕುಂಬಳಕಾಯಿಯಷ್ಟು ಆಗುತ್ತಿತ್ತು. ಕೈಗೆ ತೆಗೆದುಕೊಂಡಿದ್ದರೆ ಅಕ್ಕನದೋ ತಂಗಿಯದೋ ಕಣ್ಣು ಮುಚ್ಚಿ ಹೇಳುತ್ತಿದ್ದ. ನಾನೇ ಹೋಗಿ ನೋಡ್ಬೇಕು, ಬೈಕಿನಲ್ಲಿ ಕೂರಿಸ್ಕೊಂಡು ಹೋಗು ಅನ್ನಬಹುದಿತ್ತು. ಆದರೆ ಏರಿಯ ಮೇಲಿಂದ ಮರದವರೆಗೆ ಹೇಗಿದ್ದರೂ ನಡೆಯಬೇಕು. ಪಡಸಾಲೆಯಲ್ಲಿ ಹೆಣ ಕೂತಿದೆ, ರಸ್ತೆಯಲ್ಲಿ ಜೆಸಿಬಿ ನಿಂತಿದೆ. ಅದಕ್ಕಿಂತ ಹೆಚ್ಚಾಗಿ, ಇಪ್ಪತ್ತೆರಡು ವರ್ಷದಿಂದ ಈ ಪ್ರಶ್ನೆಗೆ ಇದ್ದದ್ದು ಒಂದೇ ಉತ್ತರ. ಅದನ್ನು ಹೇಳಿ ಹೇಳಿ ಅವನ ನಾಲಿಗೆಗೆ ಅಭ್ಯಾಸವಾಗಿಬಿಟ್ಟಿತ್ತು.

"ಬರಲ್ಲ ಕಣಪ್ಪ" ಅಂದ. "ಈ ವರ್ಷ ನೀರು ಅಲ್ಲೀವರ್ಗೂ ಬರಲ್ಲ. ಅಮ್ಮಾರಿಗೆ ಹೇಳು, ರಂಗಯ್ಯ ಹೇಳಿದ ಅಂತ ಹೇಳು."

ಅಡವಯ್ಯನನ್ನು ಹೊಂಗೆ ಮರದ ಕೆಳಗೆ ಇಟ್ಟರು. ಅವನ ಎಡಕ್ಕೆ ಒಂದು ಆಳಿನ ಜಾಗ ಬಿಟ್ಟು ಚನ್ನಮಲ್ಲಮ್ಮ ತಾನೇ ಕಲ್ಲು ನೆಡಿಸಿದಳು.

ಆ ವರ್ಷದ ಮಳೆಯನ್ನು ಈ ಕಡೆಯ ಜನ ಇನ್ನೂ ಮರೆತಿಲ್ಲ. ಆಗಸ್ಟ್‌ನಲ್ಲಿ ಶುರುವಾದದ್ದು ಬಿಡಲೇ ಇಲ್ಲ. ಶಿರಾ ಕಡೆ, ಪಾವಗಡ ಕಡೆ, ಕೊರಟಗೆರೆ ಕಡೆ, ಎಲ್ಲಿ ನೋಡಿದರೂ ಕೆರೆ ಕೋಡಿ ಬಿದ್ದ ಸುದ್ದಿ. ಜನ ಟ್ರ್ಯಾಕ್ಟರಿನಲ್ಲಿ ಹೋಗಿ ನೀರು ನೋಡಿ ಬರುತ್ತಿದ್ದರು. ಚೌಳಕಟ್ಟೆ ಕೆರೆಗೆ ಮೇಲಿನ ಹಳ್ಳ ಬಂದದ್ದು ಅಕ್ಟೋಬರ್ ಎರಡನೇ ವಾರ. ಮೂರೇ ದಿನಕ್ಕೆ ಕೋಡಿ ಬಿತ್ತು. ಹೆಂಗಸರು ಬಾಗಿನ ಕೊಟ್ಟರು, ಪಂಚಾಯ್ತಿಯವರು ತಮಟೆ ಹೊಡೆಸಿದರು, ಚಿಕ್ಕಹುಡುಗರು ಜೀವಮಾನದಲ್ಲಿ ಮೊದಲ ಸಲ ಸ್ವಂತ ಊರಿನ ನೀರಿನಲ್ಲಿ ಈಜಿದರು. ರಂಗಯ್ಯ ಏರಿಯ ಮೇಲೆ ಕೋಲು ಊರಿಕೊಂಡು ನಿಂತಿದ್ದ. ಎಲ್ಲರೂ ಕೋಡಿಯ ಕಡೆ ನೋಡುತ್ತಿದ್ದರು. ಅವನು ಎದುರು ದಡ ನೋಡುತ್ತಿದ್ದ. ಹೊಂಗೆ ಮರ ನೀರಿನ ಮಧ್ಯೆ ನಿಂತಿತ್ತು. ಬುಡ ಕಾಣುತ್ತಿರಲಿಲ್ಲ.

ಚನ್ನಮಲ್ಲಮ್ಮ ಜೋರಾಗಿ ಅತ್ತದ್ದನ್ನು ಯಾರೂ ಕೇಳಲಿಲ್ಲ. ಅವಳು ಪ್ರತಿ ಸೋಮವಾರ ಮರದ ಕೆಳಗೆ ದೀಪ ಹಚ್ಚುತ್ತಿದ್ದಳು. ಈಗ ನೀರಿನ ಅಂಚಿನಲ್ಲಿ ಒಂದು ಕಲ್ಲಿನ ಮೇಲೆ ಹಚ್ಚಿ ಬರುತ್ತಿದ್ದಳು. ರಂಗಯ್ಯ ಎದುರಾದರೆ, "ಕೆರೆ ತುಂಬ್ತಲ್ಲಪ್ಪ ರಂಗಯ್ಯ, ಒಳ್ಳೇದಾಯ್ತು" ಅನ್ನುತ್ತಿದ್ದಳು. ಹಕ್ಕಿಯೂ ಒಮ್ಮೊಮ್ಮೆ ತಪ್ಪುತ್ತದೆ ಅಂತ ಅವಳು ಅಂದುಕೊಂಡಿದ್ದಳು. ರಂಗಯ್ಯನೂ ಹಾಗೆಯೇ ಅಂದುಕೊಂಡಿದ್ದ.

ನವೆಂಬರಿನಲ್ಲಿ ಶಿರಾದಿಂದ ತಮನ್ನಾ ಬಂದಳು. ತಂದೆ ಫಕ್ರುದ್ದೀನ್‌ಗೆ ಶಿರಾ ಪೇಟೆಯಲ್ಲಿ ಪಾತ್ರೆ ಅಂಗಡಿ. ಮಗಳು ಹಕ್ಕಿಗಳ ಬಗ್ಗೆ ಓದುತ್ತಿದ್ದಳು. ಬೇಸಿಗೆಯಲ್ಲೂ ಒಂದೆರಡು ಸಲ ಬಂದು ಖಾಲಿ ಕೆರೆಯಲ್ಲಿ ಬರೆದುಕೊಂಡು ಹೋಗಿದ್ದಳಂತೆ, ಆಗ ರಂಗಯ್ಯ ಮಂಡಿ ಹಿಡಿದು ಮನೆಯಲ್ಲಿದ್ದ. ಈಗ ಏರಿಯ ಮೇಲೆ ಮೂರು ಕಾಲಿನ ದುರ್ಬೀನು ನಿಲ್ಲಿಸಿಕೊಂಡು, ನೀರಿನಂಚಿನಲ್ಲಿ ಇಲಿಯಂತೆ ಓಡಾಡುವ ಸಣ್ಣ ಹಕ್ಕಿಗಳನ್ನು ಎಣಿಸುತ್ತಿದ್ದಳು.

"ಇವೆಲ್ಲ ಕಡಲ ದಂಡೆ ಹಕ್ಕಿಗಳು ಅಜ್ಜ" ಅಂದಳು. "ಮರಳಲ್ಲಿ ಓಡಾಡೋವು. ನೀರು ಸಿಕ್ತು ಅಂತ ಇಲ್ಲಿಗೂ ಬಂದಿವೆ."

"ನಮ್ಮೂರಿಗೂ ಕಡಲಿಗೂ ಏನವ್ವಾ ನಂಟು? ನಾವು ನೀರು ಕಂಡಿದ್ದೇ ಹೋದ ತಿಂಗ್ಳು."

ಅವಳು ನಕ್ಕಳು. "ನಂಟು ಐತೆ. ನಿಮ್ಮ ಟಿಟ್ಟಿಭಾನೂ ಅದೇ ಖಾಂದಾನ್ ಗೊತ್ತಾ? ಇವೆಲ್ಲ ದಾಯಾದಿಗಳು. ಕೆಲವು ಕಡಲ ಹತ್ರ ಉಳಿದ್ವು, ಕೆಲವು ಕೆರೆಗೆ ಬಂದ್ವು, ಒಂದು ಪೂರ್ತಿ ಬಯಲಿಗೇ ಹೋಯ್ತು. ನಿಮ್ಮೂರಲ್ಲಿ ಎರಡೂ ಟಿಟ್ಟಿಭ ಮೊಟ್ಟೆ ಇಟ್ಟಿದ್ವು ಈ ಸಲ. ತೋರಿಸ್ತೀನಿ ಇರಿ."

ಮೊಬೈಲಿನಲ್ಲಿ ಬೆರಳು ಸರಿಸಿ ಒಂದು ಚಿತ್ರ ತೆಗೆದಳು. ಕರಿ ಟೋಪಿಯ, ಹಳದಿ ತೊಗಲಿನ ಹಕ್ಕಿ ನೆಲಕ್ಕೆ ಅಪ್ಪಿಕೊಂಡು ಕೂತಿತ್ತು. ಎದೆಯ ಅಡಿಯಿಂದ ಒಂದು ಮೊಟ್ಟೆಯ ಮೈ ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಹೆಂಚಿನ ಚೂರು.

ರಂಗಯ್ಯ ಮೊಬೈಲನ್ನು ಹತ್ತಿರ ಹಿಡಿದು ನೋಡಿದ, ದೂರ ಹಿಡಿದು ನೋಡಿದ. "ಇದು ಯಾವ ಜಾಗ ಅವ್ವ?"

"ಅದೇ, ಆ ಮರ ಕಾಣುತ್ತಲ್ಲ ನೀರೊಳಗೆ, ಅದರ ಕೆಳಗಡೆ. ಮೇ ತಿಂಗಳು."

"ಕೆಂಪಿಂದು? ಕೆಂಪಿಂದು ಎಲ್ಲಿ ಇಟ್ಟಿತ್ತು?"

"ಅದು ಮೇಲೆ. ಇಲ್ಲೇ, ಕೋಡಿಕಲ್ಲು ಹತ್ರ." ಕೈ ತೋರಿಸಿದಳು. ಅವರಿಬ್ಬರೂ ನಿಂತ ಜಾಗದಿಂದ ಅದು ಮೂವತ್ತು ಹೆಜ್ಜೆಯೂ ಇರಲಿಲ್ಲ.

ರಂಗಯ್ಯ ಏರಿಯ ಕಲ್ಲಿನ ಮೇಲೆ ಕೂತುಬಿಟ್ಟ. ಹುಡುಗಿಗೆ ಗಾಬರಿಯಾಯಿತು, ನೀರಿನ ಬಾಟಲಿ ಕೊಟ್ಟಳು. ಅವನು ವಿಷಯವನ್ನೆಲ್ಲ ಹೇಳಿದ. ಕೇಳಿಸಿಕೊಂಡು ಅವಳು ಬಲು ನಾಜೂಕಾಗಿ ಅಂದಳು, "ಅಜ್ಜ, ಹಕ್ಕಿಗೆ ಮಳೆ ಗೊತ್ತಾಗಲ್ಲ. ಈ ಸಲ ಕೆರೆ ಅಂಗಳದ ತೇವ ಇದ್ದ ಕಡೆ ಎಲ್ಲ ಕುರಿ ಬಿಟ್ಟಿದ್ರು. ಕಾಟ ತಾಳಲಾರದೆ ಮೇಲೆ ಹೋಗಿ ಇಟ್ಟಿರುತ್ತೆ, ಅಷ್ಟೇ. ನೀವು ಮನಸ್ಸಿಗೆ ಹಚ್ಕೋಬೇಡಿ."

"ಇರಬೌದು ತಾಯಿ" ಅಂದ ರಂಗಯ್ಯ. "ಹಕ್ಕಿಗೆ ಗೊತ್ತೋ ಇಲ್ವೋ. ನಂಗೆ ಗೊತ್ತಿತ್ತಲ್ಲ, ತಾಯಿಹಕ್ಕೀನ ನೋಡದೆ ಹೇಳಬಾರ್ದು ಅಂತ. ನಾನು ಹೋಗಿ ನೋಡ್ನಿಲ್ಲ."

ಎರಡು ದಿನ ಅವನು ಸರಿಯಾಗಿ ಉಣ್ಣಲಿಲ್ಲ. ಚಿಕ್ಕಹನುಮಕ್ಕ ಬಿಡಿಸಿ ಬಿಡಿಸಿ ಕೇಳಿ ತಿಳಿದುಕೊಂಡಳು. "ಹೇಳ್ಬ್ಯಾಡ. ಅವ್ರು ಕೇಳಿಲ್ಲ, ನೀನು ಹೇಳ್ಬ್ಯಾಡ" ಅಂದಳು ಮೊದಲು. ರಾಗಿ ಬೀಸುತ್ತ ಅರ್ಧಗಂಟೆ ಕಳೆದ ಮೇಲೆ ತಾನಾಗಿಯೇ, "ಹೋಗಿ ಹೇಳ್ಬುಟ್ಟು ಬಾ. ಇಂಗೆ ಗೋಡೆ ನೋಡ್ಕೊಂಡು ಕೂತ್ರೆ ನನಗೆ ನಿನ್ನೂ ಮಣ್ಣು ಮಾಡೋ ಕೆಲ್ಸ ಬೀಳುತ್ತೆ" ಅಂದಳು.

ಚನ್ನಮಲ್ಲಮ್ಮ ಅಂಗಳದಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹೊಸ ನೀರಿನ ಅವರೆ, ಕಾಯಿ ದಪ್ಪಗಿತ್ತು. ರಂಗಯ್ಯ ಜಗಲಿಯ ಕೆಳಗೆ ನಿಂತು ಹೇಳಿದ. ಎಲ್ಲೂ ನಿಲ್ಲಿಸದೆ, ಏನೂ ಮುಚ್ಚದೆ ಹೇಳಿದ. ಅವಳು ಸುಲಿಯುತ್ತಲೇ ಕೇಳಿದಳು.

"ಹಳದೀದು ಎಲ್ಲಿ ಬೇಕಾದ್ರೂ ಇಡುತ್ತಾ?"

"ಒಣಗಿದ್ದ ಕಡೆ ಇಡುತ್ತೆ ಅಮ್ಮಾ."

"ಅಂಗಾರೆ ಅದು ಏನೂ ಹೇಳಿರ್ನಿಲ್ಲ."

"ಇಲ್ಲ."

"ಹೇಳಿದ್ದು ನೀನು."

"ನಾನೇ ಅಮ್ಮಾ."

ಅವಳ ಕೈ ನಿಂತಿತು. "ನೀನು ಬರುತ್ತೆ ಅಂದಿದ್ರೆ ರೋಡಿನ ಹತ್ರ ಇಟ್ಟಿರ್ತಿದ್ದೆ. ಅತ್ತುಬುಟ್ಟು ಸುಮ್ನಾಗ್ತಿದ್ದೆ. ಬರಲ್ಲ ಅಂದಿದ್ದಕ್ಕೇ ಅಲ್ವಾ ನಾನು ಆ ಜಾಗ ನಂದು ಅಂದ್ಕೊಂಡಿದ್ದು?" ಬೈಗುಳದ ದನಿ ಅಲ್ಲ ಅದು. ಬೈದಿದ್ದರೆ ರಂಗಯ್ಯನಿಗೆ ಹಗುರಾಗುತ್ತಿತ್ತು. "ನಂಗೂ ಮೈ ಚೆನ್ನಾಗಿಲ್ಲ ಕಣಪ್ಪ. ಎದೆ ಹಿಡ್ಕೊಳ್ತೈತೆ. ಡಾಕ್ಟ್ರು ಪ್ರಭುಗೆ ಏನೋ ಹೇಳವ್ರೆ, ಅವ್ನು ನಂಗೆ ಹೇಳಲ್ಲ. ನೀರು ಯಾವಾಗ ಇಳೀತೈತೆ?"

"ಕಾಲುವೆಗೆ ಬುಟ್ಟ ಮ್ಯಾಲೆ, ಏಪ್ರಿಲ್ ಕಳೀಬೇಕು."

"ಅಷ್ಟು ದಿನ ಇರ್ತೀನೋ ಇಲ್ವೋ" ಅಂತ ಅವಳು ಮತ್ತೆ ಕಾಯಿ ಎತ್ತಿಕೊಂಡಳು. "ಹೋಗು. ಬಿಸಿಲಾಯ್ತು. ಮಂಡಿ ನೋವು ಅಂತೀಯ, ನಡ್ಕೊಂಡು ಬಂದ್ಬುಟ್ಟೆ."

ರಂಗಯ್ಯ ಬರುವ ದಾರಿಯಲ್ಲಿ ಲೆಕ್ಕ ಹಾಕಿದ. ಹೊಂಗೆ ಮರ ಇರುವುದು ಕೆರೆಯ ಬಾಲದಲ್ಲಿ. ಅಲ್ಲಿ ನೀರು ತೆಳುವು, ಎದೆಮಟ್ಟಕ್ಕೆ ಹೆಚ್ಚಿಲ್ಲ. ತೂಬು ದಿನಕ್ಕೆ ಆರು ಗಂಟೆ ಬಿಡುವ ಬದಲು ಹತ್ತು ಗಂಟೆ ಬಿಟ್ಟರೆ, ತೂಬೆತ್ತುವ ಚಕ್ರ ಎರಡು ಸುತ್ತು ಹೆಚ್ಚು ತಿರುಗಿಸಿದರೆ, ಜನವರಿ ಮುಗಿಯುವಷ್ಟರಲ್ಲಿ ಆ ಹೊಲ ತೇಲಿ ನೆಲ ಕಾಣುತ್ತದೆ. ಕೆರೆಯ ನೀರಿನಲ್ಲಿ ಕಾಲುಭಾಗ ಹೋಗುತ್ತದೆ. ಎರಡನೇ ಬೆಳೆಯ ಭತ್ತಕ್ಕೆ ಕೊನೆಯ ಎರಡು ನೀರು ಸಾಲದೆ ಬರುತ್ತದೆ.

ಐವತ್ತು ವರ್ಷದಲ್ಲಿ ಒಂದು ಗಳಿಗೆ ನೀರು ಯಾರಿಗೂ ಹೆಚ್ಚು ಬಿಡದ ಮನುಷ್ಯ ಡಿಸೆಂಬರಿನಲ್ಲಿ ಚಕ್ರವನ್ನು ಎರಡು ಸುತ್ತು ಹೆಚ್ಚು ತಿರುಗಿಸಿದ. ಕೇಳಿದವರಿಗೆ ಏರಿಗೆ ಭಾರ ಆಗಬಾರದು ಅಂದ. ಊರಿನವರು ನಂಬಿದರು. ಏರಿಯ ವಿಷಯದಲ್ಲಿ ಅವನ ಮಾತನ್ನು ನಂಬದೆ ಇನ್ಯಾರದ್ದನ್ನು ನಂಬುತ್ತಾರೆ? ಕಾಲುವೆಯ ನೀರು ಗದ್ದೆ ದಾಟಿ ಹಳ್ಳಕ್ಕೆ ಸುಮ್ಮನೆ ಹೋಗುತ್ತಿತ್ತು. ಅತ್ತ ಅವನು ತಿರುಗಿ ನೋಡುತ್ತಿರಲಿಲ್ಲ. ಆದರೂ ದಿನಾ ಸಂಜೆ ದಡಕ್ಕೆ ಹೋಗಿ, ಹೊಂಗೆ ಮರದ ಬುಡದಲ್ಲಿ ನೀರಿನ ಗುರುತು ಎಷ್ಟು ಇಳಿಯಿತು ಅಂತ ನೋಡಿ ಬರುತ್ತಿದ್ದ. ಎದೆಮಟ್ಟ ಸೊಂಟಮಟ್ಟವಾಯಿತು. ಸಂಕ್ರಾಂತಿಯ ಹೊತ್ತಿಗೆ ತೊಡೆಮಟ್ಟವಾಯಿತು.

ಸಂಕ್ರಾಂತಿಯ ಮಾರನೇ ದಿನ ಬೆಳಿಗ್ಗೆ ಪ್ರಭುದೇವ್ ತಾಯಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ತೂಬಿನ ಹತ್ತಿರ ಬಂದ. ಅವಳು ಬಹಳ ಇಳಿದುಹೋಗಿದ್ದಳು. ಮಗನ ಭುಜ ಹಿಡಿದು ಇಳಿದು, ತೂಬಿನ ಕೆಳಗೆ ನೊರೆ ಕಟ್ಟಿ ಹೋಗುತ್ತಿದ್ದ ನೀರನ್ನು ನೋಡಿದಳು.

"ಇದು ಎಲ್ಲಿಗೆ ಹೋಗ್ತೈತೆ ರಂಗಯ್ಯ?"

ರಂಗಯ್ಯ ಚಕ್ರದ ಮೇಲಿದ್ದ ಕೈ ತೆಗೆದ.

"ಹಳ್ಳಕ್ಕೆ ಹೋಗ್ತೈತೆ. ನಮ್ಮ ಗದ್ದೆ ದಾಟ್ಕೊಂಡೇ ಹೋಗೋದಲ್ವಾ, ನಾನು ನೋಡ್ದೆ. ಯಾರಿಗೆ ಬುಡ್ತಿದ್ದೀಯ ಇದ್ನ? ನಂಗಾ?"

"ಇನ್ನೊಂದು ಇಪ್ಪತ್ತು ದಿನ ಅಮ್ಮಾ. ಇಪ್ಪತ್ತೇ ದಿನ. ಆ ಹೊಲ ತೇಲುತ್ತೆ. ಆಮ್ಯಾಲೆ ನಿಲ್ಲಿಸ್ತೀನಿ."

"ಇಪ್ಪತ್ತು ದಿನಕ್ಕೆ ನಾನು ಸಾಯ್ತೀನಿ ಅಂತ ಮುಹೂರ್ತ ಇಟ್ಟಿದ್ದೀಯಾ?" ಅಂತ ಅವಳು ಸಣ್ಣಗೆ ನಕ್ಕಳು, ನಕ್ಕದ್ದಕ್ಕೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ನಗು ಇರಲಿಲ್ಲ. "ಇಪ್ಪತ್ತೆರಡು ವರ್ಷ ಆದ ಮ್ಯಾಲೆ ಬಂದ ನೀರು ಕಣಪ್ಪ. ನನ್ನ ಗಂಡ ಇದಕ್ಕೇ ಅಲ್ವಾ ನಿಂಗೆ ರಾಗಿ ಅಳೀತಿದ್ದಿದ್ದು? ಇದ್ನ ಹಳ್ಳಕ್ಕೆ ಬುಟ್ಟು ನಾನು ಅವ್ರ ಪಕ್ಕ ಹೋಗಿ ಕೂತ್ರೆ ಅವ್ರು ನನ್ನ ಮಾತಾಡಿಸ್ತಾರಾ? ಇಳಿಸು."

"ಅಮ್ಮಾ..."

"ಇಳಿಸು ಅಂದೆ. ನಾನು ನೋಡ್ಕೊಂಡೇ ಹೋಗ್ತೀನಿ."

ರಂಗಯ್ಯ ಚಕ್ರ ತಿರುಗಿಸಿದ. ಎರಡು ಸುತ್ತು ಇಳಿಸುವುದರಲ್ಲಿ ಅವನ ಕಣ್ಣು ತುಂಬಿ ಚಕ್ರ ಕಾಣದಂತಾಯಿತು. ಪ್ರಭುದೇವ್ ಬಂದು ಜೊತೆಗೆ ಕೈ ಹಾಕಿದ. ನೊರೆ ನಿಂತಿತು. ಚನ್ನಮಲ್ಲಮ್ಮ ಬೈಕು ಹತ್ತುವ ಮುಂಚೆ ಎದುರು ದಡದ ಮರವನ್ನು ಸ್ವಲ್ಪ ಹೊತ್ತು ನೋಡಿದಳು.

ಫೆಬ್ರವರಿ ಒಂಬತ್ತಕ್ಕೆ ಅವಳು ಹೋದಳು, ಬೆಳಗಿನ ಹೊತ್ತೇ. ಪ್ರಭುದೇವ್ ರಂಗಯ್ಯನ ಹಟ್ಟಿಗೆ ಬಂದು ಬಾಗಿಲಲ್ಲಿ ನಿಂತ. ಕೇಳುವುದನ್ನು ಬಾಯಿಬಿಟ್ಟು ಕೇಳಲಿಲ್ಲ.

"ನಾನೇ ಹೋಗಿ ನೋಡ್ಕೊಂಡು ಬರ್ತೀನಿ ಪ್ರಭಪ್ಪ. ನೀನು ಮನೇಲಿರು" ಅಂದ ರಂಗಯ್ಯ.

ಚಿಕ್ಕಹನುಮಕ್ಕ ಆ ದಿನ ಮಂಡಿಯ ಮಾತು ಎತ್ತಲಿಲ್ಲ. ಕೋಲು ತಂದುಕೊಟ್ಟು ತಾನೂ ಹಿಂದೆ ಬಂದಳು. ರಂಗಯ್ಯ ಪಂಚೆ ಎತ್ತಿಕಟ್ಟಿ ನೀರಿಗೆ ಇಳಿದ. ಕೆಸರು ಕಾಲು ಹಿಡಿಯುತ್ತಿತ್ತು. ಕೋಲು ಊರಿ ಊರಿ ಮರದ ಬುಡ ಮುಟ್ಟಿದ. ಕಲ್ಲು ಎಲ್ಲಿದೆ ಅಂತ ಕಾಲಿನಿಂದ ತಡಕಿದ, ಸಿಕ್ಕಿತು. ಅದರ ಪಕ್ಕ ಬಿಟ್ಟಿದ್ದ ಜಾಗದಲ್ಲಿ ನಿಂತ. ನೀರು ಇನ್ನೂ ತೊಡೆಗೆ ಬರುತ್ತಿತ್ತು. ಸಂಕ್ರಾಂತಿಯಿಂದ ಒಂದು ಗೇಣು ಇಳಿದಿದ್ದರೂ ಪ್ರಯೋಜನವಿರಲಿಲ್ಲ, ನೆಲ ಅಷ್ಟು ಆಳಕ್ಕೆ ನೆನೆದಿತ್ತು. ಗುಂಡಿ ತೋಡಿದರೆ ತೋಡಿದಷ್ಟೂ ಕುಸಿಯುತ್ತಿತ್ತು. ಅವನು ಅಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಂತಿದ್ದ. ದಡದಿಂದ ಚಿಕ್ಕಹನುಮಕ್ಕ, "ಬಾ ಇನ್ನ" ಅಂತ ಕರೆದಳು.

"ಆಗಲ್ಲ ಪ್ರಭಪ್ಪ" ಅಂತ ಅವನು ಅಡವಯ್ಯನ ಮನೆ ಅಂಗಳದಲ್ಲಿ, ಕೂತಿದ್ದವರೆಲ್ಲ ಕೇಳುವ ಹಾಗೆ ಹೇಳಿದ. ಪಂಚೆಯಿಂದ ಇನ್ನೂ ನೀರು ಸೋರುತ್ತಿತ್ತು. "ಹೋಗಿ ನೋಡ್ಕೊಂಡು ಬಂದೆ. ಆಗಲ್ಲ."

ಚನ್ನಮಲ್ಲಮ್ಮನನ್ನು ಮಧುಗಿರಿ ರಸ್ತೆಯ ಪಕ್ಕದ ರುದ್ರಭೂಮಿಯಲ್ಲಿ ಇಟ್ಟರು.

ಆ ವರ್ಷ ಚೌಳಕಟ್ಟೆಯಲ್ಲಿ ಎರಡು ಬೆಳೆ ಭತ್ತ ಬಂತು. ಬತ್ತಿದ್ದ ಹನ್ನೊಂದು ಬೋರ್‌ವೆಲ್‌ಗಳಲ್ಲಿ ನೀರು ಬಂತು. ರಂಗಯ್ಯನಿಗೆ ಊರಿನ ಎಲ್ಲ ಮನೆಯವರೂ ಮತ್ತೆ ಕೊಳಗ ಅಳೆದರು. ಗಂಡ ಹೆಂಡತಿ ಒಬ್ಬರು ಕೆರೆಯ ಹಿಂದೆ, ಒಬ್ಬರು ರಸ್ತೆಯ ಪಕ್ಕ. ನಡುವೆ ಒಂದೂವರೆ ಮೈಲಿ.